ಕಾಂತೀಯ ಅನುರಣನೆ: ಭೌತಶಾಸ್ತ್ರದಲ್ಲಿ ಮತ್ತು ವೈದ್ಯಶಾಸ್ತ್ರದಲ್ಲಿ ಅದರ ಅರ್ಥ

ಮಹಾನಗರದ ಜೀವನದಲ್ಲಿ ವೈದ್ಯರ ಚೀಟಿಯ ಮೇಲೆ ‘ಎಂ.ಆರ್.ಐ.’ ಎಂಬ ಅಕ್ಷರಗಳು ಕಾಣಿಸಿಕೊಳ್ಳುವುದು ಈಗ ಅಪರೂಪವಲ್ಲ. ಸೊಂಟದ ನೋವು, ಮಂಡಿಯ ಪೆಟ್ಟು, ಬಿಡದ ತಲೆನೋವು, ಪಾರ್ಶ್ವವಾಯು, ಹೀಗೆ ಯಾವುದೋ ಕಾರಣದಿಂದ ಮನೆಯ ಹಿರಿಯರೊಬ್ಬರನ್ನು ಆ ಕೊಳವೆಯಾಕಾರದ ಯಂತ್ರದೊಳಗೆ ಮಲಗಿಸುವ ಪ್ರಸಂಗ ಬಂದೊಡನೆ ಮನೆಮಂದಿಯಲ್ಲಿ ಪ್ರಶ್ನೆಗಳು ಏಳುತ್ತವೆ. ಅದರ ಕಿರಣಗಳು ಮೈಗೆ ತಗಲುವುವೆ? ಮೈಯೊಳಗೆ ವಿದ್ಯುತ್ತನ್ನು ಹರಿಸುತ್ತಾರೆಯೆ? ಒಮ್ಮೆ ಮಾಡಿಸಿದವರು ಮತ್ತೊಮ್ಮೆ ಮಾಡಿಸಬಹುದೆ? ಊರಿನಿಂದ ಚಿಕಿತ್ಸೆಗೆಂದು ಬಂದ ತಂದೆತಾಯಿಗಳಿಗೆ ಇದನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳುವವರು ಪರಸ್ಥಳದ ಆಸ್ಪತ್ರೆಗಳಲ್ಲಿ ಸಿಕ್ಕುವುದು ವಿರಳ. ಮರಾಠಿಯಲ್ಲೋ ತಮಿಳಿನಲ್ಲೋ ಹಿಂದಿಯಲ್ಲೋ ಕೇಳಿಬಂದ ಎರಡು ಮಾತು, ಸಹಿಗಾಗಿ ಮುಂದೆ ಚಾಚಿದ ಇಂಗ್ಲಿಷ್ ಕಾಗದ, ಇಷ್ಟರಲ್ಲಿಯೇ ವಿವರಣೆ ಮುಗಿದುಹೋಗುತ್ತದೆ.

ವಿಚಿತ್ರವೆಂದರೆ, ಈ ಪರೀಕ್ಷೆಯ ವಿಷಯದಲ್ಲಿ ಜನರು ಯಾವುದಕ್ಕೆ ಹೆದರುತ್ತಾರೋ ಅಲ್ಲಿ ಅಪಾಯವಿಲ್ಲ. ಎಲ್ಲಿ ಅಪಾಯವಿದೆಯೋ ಅಲ್ಲಿ ಹೆದರಿಕೆಯಿಲ್ಲ. ಇದು ಹೇಗಾಯಿತೆಂಬುದನ್ನು ಅರಿಯಬೇಕಾದರೆ ‘ಕಾಂತೀಯ ಅನುರಣನೆ’ ಎಂಬ ಎರಡು ಪದಗಳನ್ನು ಬೇರೆಬೇರೆಯಾಗಿ ಬಿಡಿಸಿ ನೋಡಬೇಕು. ಒಂದು ಕಾಲಕ್ಕೆ ಅವುಗಳ ಹಿಂದೆ ಮೂರನೆಯ ಪದವೊಂದೂ ಇದ್ದಿತು. ಅದು ಉದುರಿಹೋದ ಸಂಗತಿಯನ್ನು ಮುಂದೆ ನೋಡಬಹುದು.

ತಂಬೂರಿಯ ತಂತಿ, ಪರಮಾಣುವಿನ ಬುಗುರಿ

ಅನುರಣನೆಯನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ತಂಬೂರಿಯ ನಡುವಣ ಎರಡು ತಂತಿಗಳಾದ ಸಾರಣಿ ಮತ್ತು ಅನುಸಾರಣಿಗಳನ್ನು ಒಂದೇ ಶ್ರುತಿಗೆ ಕೂಡಿಸಿರುತ್ತಾರೆ. ಅನುಸಾರಣಿಯ ಮೇಲೆ ಕಾಗದದ ಸಣ್ಣ ಚೂರೊಂದನ್ನು ಮಡಿಸಿಟ್ಟು ಸಾರಣಿಯನ್ನು ಮಾತ್ರ ಮೀಟಿದರೆ, ಯಾರೂ ಮುಟ್ಟದ ಅನುಸಾರಣಿ ತಾನಾಗಿ ಮಿಡಿದು ಕಾಗದದ ಚೂರನ್ನು ಕುಣಿಸುತ್ತದೆ. ಶ್ರುತಿ ತಪ್ಪಿದ್ದರೆ ಎಷ್ಟು ಗಟ್ಟಿಯಾಗಿ ಮೀಟಿದರೂ ಆ ಚೂರು ಅಲುಗದು. ತೊಟ್ಟಿಲು ತೂಗುವ ತಾಯಿಗೂ ಇದು ಗೊತ್ತು. ತೊಟ್ಟಿಲಿನ ಲಯವನ್ನು ಅನುಸರಿಸಿ ಬೆರಳ ತುದಿಯಿಂದ ತಳ್ಳಿದರೂ ಸಾಕು, ಅದು ತೂಗುತ್ತಲೇ ಇರುತ್ತದೆ. ಲಯ ತಪ್ಪಿಸಿ ತಳ್ಳಿದರೆ ಬಲವೆಲ್ಲ ವ್ಯರ್ಥ. ಪ್ರತಿಯೊಂದು ಕಂಪಿಸುವ ವಸ್ತುವಿಗೂ ಅದರದೇ ಆದ ಒಂದು ಸಹಜವಾದ ಲಯವುಂಟು. ಹೊರಗಿನಿಂದ ಬರುವ ಪ್ರೇರಣೆ ಆ ಲಯಕ್ಕೆ ಸರಿಹೊಂದಿದಾಗ ವಸ್ತುವು ಶಕ್ತಿಯನ್ನು ಹೀರಿಕೊಂಡು ಪ್ರತಿಸ್ಪಂದಿಸುತ್ತದೆ. ಇದೇ ಅನುರಣನೆ.

ಇನ್ನು ‘ಕಾಂತೀಯ’ ಎಂಬ ಮಾತು. ಮಾನವನ ಶರೀರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರು. ನೀರಿನ ಪ್ರತಿಯೊಂದು ಅಣುವಿನಲ್ಲಿಯೂ ಜಲಜನಕದ ಎರಡು ಪರಮಾಣುಗಳಿವೆ. ಜಲಜನಕದ ಪರಮಾಣುಬೀಜವೆಂದರೆ ಒಂಟಿ ಪ್ರೋಟಾನು. ಈ ಪ್ರೋಟಾನು ಅತಿ ಸೂಕ್ಷ್ಮವಾದ ಒಂದು ಅಯಸ್ಕಾಂತದಂತೆಯೂ, ತನ್ನ ಅಕ್ಷದ ಸುತ್ತ ತಿರುಗುವ ಬುಗುರಿಯಂತೆಯೂ ವರ್ತಿಸುತ್ತದೆ. ಬುಗುರಿಯಾಡಿದ ಹುಡುಗರೆಲ್ಲ ಕಂಡಿರುವಂತೆ, ತಿರುಗುವ ಬುಗುರಿ ಓರೆಯಾದಾಗ ಕೂಡಲೇ ಬೀಳುವುದಿಲ್ಲ. ಅದರ ತಲೆ ನಿಧಾನವಾಗಿ ವೃತ್ತಾಕಾರದಲ್ಲಿ ಸುತ್ತತೊಡಗುತ್ತದೆ. ಭೂಮಿಯ ಸೆಳೆತ ಬುಗುರಿಗೆ ಮಾಡುವುದನ್ನು ಕಾಂತಕ್ಷೇತ್ರ ಪ್ರೋಟಾನಿಗೆ ಮಾಡುತ್ತದೆ. ಕಾಂತಕ್ಷೇತ್ರ ಪ್ರಬಲವಾದಷ್ಟೂ ಈ ತಲೆದೂಗಾಟದ ವೇಗ ಹೆಚ್ಚುತ್ತದೆ. ಇವೆರಡರ ಸಂಬಂಧವನ್ನು ಸೂಚಿಸುವ ಸೂತ್ರಕ್ಕೆ ಐರ್ಲೆಂಡಿನ ಭೌತವಿಜ್ಞಾನಿ ಜೋಸೆಫ್ ಲಾರ್ಮರ್ ಅವರ ಹೆಸರಿದೆ.

ಭೂಮಿಯ ಕಾಂತಕ್ಷೇತ್ರ ಬಲು ದುರ್ಬಲವಾದುದು, ಸುಮಾರು ಅರ್ಧ ಗಾಸ್. ಅದರಲ್ಲಿ ಪ್ರೋಟಾನು ಸೆಕೆಂಡಿಗೆ ಎರಡು ಸಾವಿರ ಬಾರಿಯಷ್ಟು ತಲೆದೂಗುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ಯಂತ್ರದ ಕ್ಷೇತ್ರ 1.5 ಟೆಸ್ಲಾ, ಅಂದರೆ 15,000 ಗಾಸ್. ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು. ಅಲ್ಲಿ ಪ್ರೋಟಾನಿನ ಲಯ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ. ಇದು ರೇಡಿಯೋ ತರಂಗಗಳ ವ್ಯಾಪ್ತಿಯಲ್ಲಿಯೇ ಬರುವ ಸಂಖ್ಯೆ ಎಂಬುದನ್ನು ವಾಚಕರು ಗಮನಿಸಬೇಕು, ನಗರದ ಎಫ್.ಎಂ. ಕೇಂದ್ರಗಳು ಇದಕ್ಕಿಂತ ಕೊಂಚ ಮೇಲಿನ ಲಯದಲ್ಲಿ ಹಾಡುತ್ತವೆ. ಅದೇ ಲಯದ ರೇಡಿಯೋ ತರಂಗವನ್ನು ಹೊರಗಿನಿಂದ ಕಳುಹಿಸಿದರೆ ಪ್ರೋಟಾನುಗಳು ಅದನ್ನು ಹೀರಿಕೊಂಡು ಓರೆಯಾಗುತ್ತವೆ. ತರಂಗವನ್ನು ನಿಲ್ಲಿಸಿದೊಡನೆ ಮೊದಲಿನ ಸ್ಥಿತಿಗೆ ಮರಳುತ್ತ, ತಾವೇ ಕ್ಷೀಣವಾದ ಒಂದು ರೇಡಿಯೋ ಸಂಕೇತವನ್ನು ಹೊರಡಿಸುತ್ತವೆ. ಕಾಂತೀಯ ಅನುರಣನೆಯ ಒಟ್ಟು ಅರ್ಥ ಇಷ್ಟೇ. ಸಾರಣಿ ಹೊರಗಿದೆ, ಅನುಸಾರಣಿ ಮೈಯೊಳಗಿದೆ.

ಆದರೆ ಈ ಅನುಸಾರಣಿಯ ದನಿ ಎಷ್ಟು ಸಣ್ಣದೆಂಬುದು ಆಶ್ಚರ್ಯಕರವಾಗಿದೆ. ಕಾಂತಕ್ಷೇತ್ರದಲ್ಲಿ ಪ್ರೋಟಾನುಗಳು ಕ್ಷೇತ್ರದ ದಿಕ್ಕಿಗೆ ಕೆಲವು, ಅದಕ್ಕೆ ವಿರುದ್ಧವಾಗಿ ಕೆಲವು ನಿಲ್ಲುತ್ತವೆ ಎಂದು ಸ್ಥೂಲವಾಗಿ ಹೇಳಬಹುದು. ಜಮೆಯೂ ಖರ್ಚೂ ಹೆಚ್ಚುಕಡಿಮೆ ಸಮನಾಗಿರುವ ಖಾತೆಯಂತೆ ಎರಡು ಪಕ್ಷಗಳೂ ಒಂದನ್ನೊಂದು ವಜಾ ಮಾಡಿಬಿಡುತ್ತವೆ. ಉಳಿಯುವ ಶಿಲ್ಕು, 1.5 ಟೆಸ್ಲಾ ಯಂತ್ರದಲ್ಲಿ, ಹತ್ತು ಲಕ್ಷಕ್ಕೆ ಸುಮಾರು ಐದು! ಹೀಗಿದ್ದರೂ ವ್ಯವಹಾರ ನಡೆಯುವುದಕ್ಕೆ ಕಾರಣವೆಂದರೆ ಖಾತೆಯ ಗಾತ್ರ. ಒಂದೇ ಒಂದು ಗ್ರಾಂ ನೀರಿನಲ್ಲಿರುವ ಜಲಜನಕದ ಪರಮಾಣುಗಳನ್ನು ಎಣಿಸಲು 6ರ ಮುಂದೆ 22 ಸೊನ್ನೆಗಳನ್ನಿಟ್ಟರೂ ಸಾಲದು. ಹತ್ತು ಲಕ್ಷಕ್ಕೆ ಐದರಂತೆ ಉಳಿದರೂ ಅದು ಅಪಾರವಾದ ಮೊತ್ತವೇ ಆಗುತ್ತದೆ.

ಹಿಮವನ್ನು ಬೇರೆ ಕಣ್ಣಿನಿಂದ ಕಂಡವರು

ಪರಮಾಣುಬೀಜದ ಈ ಅನುರಣನೆಯನ್ನು ಮೊದಲು ಪ್ರಯೋಗದಿಂದ ತೋರಿಸಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಇಸಿಡೋರ್ ರಾಬಿ. 1938ರಲ್ಲಿ ಅವರೂ ಅವರ ಸಂಗಡಿಗರೂ ನಿರ್ವಾತದಲ್ಲಿ ಹರಿಯುವ ಅಣುಗಳ ಧಾರೆಯ ಮೇಲೆ ಈ ಪ್ರಯೋಗ ನಡೆಸಿದರು. 1944ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಪದಾರ್ಥವನ್ನು ಧಾರೆಯಾಗಿ ಹರಿಸದೆ, ಇದ್ದ ರೂಪದಲ್ಲಿಯೇ ಇಟ್ಟು ಅನುರಣನೆಯನ್ನು ಕಾಣಬಹುದೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಯುದ್ಧಕಾಲದಲ್ಲಿ ರೇಡಾರಿಗೆ ಸಂಬಂಧಿಸಿದ ಕೆಲಸಗಳಲ್ಲಿ ಪಳಗಿದ್ದ ಇಬ್ಬರು, ಹಾರ್ವರ್ಡಿನ ಎಡ್ವರ್ಡ್ ಪರ್ಸೆಲ್ ಮತ್ತು ಸ್ಟ್ಯಾನ್‌ಫರ್ಡಿನ ಫೀಲಿಕ್ಸ್ ಬ್ಲಾಕ್, ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿಲ್ಲದೆಯೇ ಅದನ್ನು ಸಾಧಿಸಿ 1946ರಲ್ಲಿ ಪ್ರಕಟಿಸಿದರು. ಪರ್ಸೆಲ್ ಮತ್ತು ಅವರ ಜೊತೆಗಾರರು ಬಳಸಿದ್ದು ಪ್ಯಾರಫಿನ್ ಮೇಣ. ಬ್ಲಾಕ್ ಬಳಸಿದ್ದು ನೀರು. 1952ರ ಪಾರಿತೋಷಕವನ್ನು ಇಬ್ಬರೂ ಹಂಚಿಕೊಂಡರು. ತಮ್ಮ ಪ್ರಯೋಗ ಯಶಸ್ವಿಯಾದ ಆ ಚಳಿಗಾಲದಲ್ಲಿ ಮನೆಯ ಬಾಗಿಲ ಮುಂದೆ ಬಿದ್ದಿದ್ದ ಹಿಮರಾಶಿಯನ್ನು ಕಂಡಾಗ, ಅದು ಭೂಮಿಯ ಕಾಂತಕ್ಷೇತ್ರದಲ್ಲಿ ಮೌನವಾಗಿ ತಲೆದೂಗುತ್ತಿರುವ ಪ್ರೋಟಾನುಗಳ ರಾಶಿಯಾಗಿ ತೋರಿತೆಂದು ಪರ್ಸೆಲ್ ಮುಂದೆ ನೆನೆದಿದ್ದಾರೆ.

ರಾಬಿಯವರ ವಿಷಯದಲ್ಲಿ ಇನ್ನೊಂದು ಪ್ರಸಂಗವೂ ಉಂಟು. ಐವತ್ತು ವರ್ಷಗಳ ತರುವಾಯ, ತಮ್ಮ ಕೊನೆಯ ಕಾಯಿಲೆಯಲ್ಲಿ, ಅವರನ್ನೇ ಎಂ.ಆರ್.ಐ. ಯಂತ್ರದೊಳಗೆ ಮಲಗಿಸಲಾಯಿತು. ಕೊಳವೆಯ ನುಣುಪಾದ ಒಳಮೈಯಲ್ಲಿ ತಮ್ಮ ಮುಖದ ಪ್ರತಿಬಿಂಬವನ್ನು ಕಂಡ ಅವರು, ತಮ್ಮ ಕೆಲಸ ಇಲ್ಲಿಗೆ ಬಂದು ಮುಟ್ಟೀತೆಂದು ಎಂದೂ ಎಣಿಸಿರಲಿಲ್ಲವೆಂದು ಹೇಳಿದರಂತೆ. 1988ರ ಜನವರಿಯಲ್ಲಿ ಅವರು ತೀರಿಕೊಂಡರು.

ಈ ವಿಷಯದಲ್ಲಿ ಬೆಂಗಳೂರಿನ ಪಾಲೂ ಇದೆ, ಅದು ಕನ್ನಡಿಗರಿಗೇ ಹೆಚ್ಚಾಗಿ ತಿಳಿದಿಲ್ಲ. ಹಳಬರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎನಿಸಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಪರಮಾಣುಬೀಜದ ಅನುರಣನೆ ಹೇಗೆ ಬದಲಾಗುತ್ತದೆಂಬುದನ್ನು ಅಳೆದು 1951ರಲ್ಲಿ ಪ್ರಕಟಿಸಿದರು. ನಿಂತ ನೀರು ನೀಡುವ ಸಂಕೇತ ಒಂದು ಬಗೆ. ಹೊಸ ಪ್ರೋಟಾನುಗಳನ್ನು ಹೊತ್ತು ತರುವ ಹರಿಯುವ ನೀರಿನ ಸಂಕೇತ ಇನ್ನೊಂದು ಬಗೆ. ಇಂದು ಔಷಧವನ್ನೇ ಚುಚ್ಚದೆ ಮಿದುಳಿನ ರಕ್ತನಾಳಗಳನ್ನು ಚಿತ್ರಿಸುವ ವಿಧಾನದ ಹಿಂದಿರುವುದು ಇದೇ ತತ್ತ್ವ. ಬೆಂಗಳೂರಿನ ಹೆಸರು ಇನ್ನೊಮ್ಮೆ ಕೆಳಗೆ ಬರುತ್ತದೆ.

ಪ್ರಯೋಗಶಾಲೆಯಿಂದ ಆಸ್ಪತ್ರೆಗೆ

ಇಪ್ಪತ್ತೈದು ವರ್ಷಗಳ ಕಾಲ ಅನುರಣನೆ ಮುಖ್ಯವಾಗಿ ಭೌತವಿಜ್ಞಾನಿಗಳ ಮತ್ತು ರಸಾಯನವಿಜ್ಞಾನಿಗಳ ಸೊತ್ತಾಗಿತ್ತು. ಗಾಜಿನ ನಳಿಕೆಯಲ್ಲಿ ವಸ್ತುವನ್ನಿಟ್ಟು ಅದರ ಅಣುರಚನೆಯನ್ನು ತಿಳಿಯುವುದು ಅದರ ಉಪಯೋಗ. ವೈದ್ಯರ ಗಮನವನ್ನು ಅತ್ತ ಸೆಳೆದವರು ನ್ಯೂಯಾರ್ಕಿನ ಬ್ರೂಕ್ಲಿನ್ ಪ್ರದೇಶದ ವೈದ್ಯ ರೇಮಂಡ್ ಡಮಾಡಿಯನ್. ಓರೆಯಾದ ಪ್ರೋಟಾನುಗಳು ಮೊದಲಿನ ಸ್ಥಿತಿಗೆ ಮರಳಲು ತೆಗೆದುಕೊಳ್ಳುವ ಕಾಲ ಎಲ್ಲ ಅಂಗಗಳಲ್ಲಿಯೂ ಒಂದೇ ಅಲ್ಲ. ಕೊಬ್ಬಿನಲ್ಲಿ ಅದು ಸೆಕೆಂಡಿನ ಕಾಲುಭಾಗದಷ್ಟು. ಮಿದುಳಿನ ಸುತ್ತಣ ದ್ರವದಲ್ಲಿ ಕೆಲವು ಸೆಕೆಂಡುಗಳು. ಇಲಿಗಳ ಅರ್ಬುದದ ಗೆಡ್ಡೆಗಳಲ್ಲಿ ಈ ಕಾಲ ಆರೋಗ್ಯವಂತ ಅಂಗಾಂಶಕ್ಕಿಂತ ಹೆಚ್ಚೆಂದು ಡಮಾಡಿಯನ್ 1971ರಲ್ಲಿ ತೋರಿಸಿದರು. ಎಂದರೆ, ಮೈಯೊಳಗಿನ ನೀರು ತಾನು ಎಲ್ಲಿ, ಯಾವ ಸ್ಥಿತಿಯಲ್ಲಿ ಇದ್ದೇನೆಂಬುದನ್ನು ತಾನೇ ಹೇಳಬಲ್ಲದು.

ಆದರೆ ಸಂಕೇತ ಬರುವುದು ಇಡೀ ದೇಹದಿಂದ ಒಟ್ಟಾಗಿ. ಯಾವ ಭಾಗದಿಂದ ಯಾವುದು ಬಂದಿತೆಂದು ತಿಳಿಯುವುದು ಹೇಗೆ? ಈ ತೊಡಕನ್ನು ಬಿಡಿಸಿದವರು ಅಮೆರಿಕೆಯ ರಸಾಯನವಿಜ್ಞಾನಿ ಪಾಲ್ ಲಾಟರ್ಬರ್. ಅವರ ಉಪಾಯ ಕೇಳಿದ ಮೇಲೆ ಬಲು ಸರಳವೆನಿಸುತ್ತದೆ. ಕಾಂತಕ್ಷೇತ್ರವನ್ನು ಎಲ್ಲೆಡೆಯೂ ಸಮನಾಗಿಡದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಅತಿ ಸ್ವಲ್ಪವಾಗಿ ಏರುತ್ತ ಹೋಗುವಂತೆ ಮಾಡಬೇಕು. ಕ್ಷೇತ್ರ ಬದಲಾದಂತೆ ಪ್ರೋಟಾನುಗಳ ಲಯವೂ ಬದಲಾಗುತ್ತದಷ್ಟೆ. ಹಾರ್ಮೋನಿಯಂನಲ್ಲಿ ಎಡದಿಂದ ಬಲಕ್ಕೆ ಸ್ವರ ಏರುತ್ತ ಹೋಗುವುದರಿಂದ, ಪರದೆಯ ಹಿಂದೆ ಕುಳಿತ ಸ್ವರಜ್ಞಾನಿಗೆ ನುಡಿಸುವವನ ಬೆರಳು ಎಲ್ಲಿದೆಯೆಂಬುದು ಕೇಳಿದ ಮಾತ್ರಕ್ಕೆ ಗೊತ್ತಾಗುವುದಿಲ್ಲವೆ? ಹಾಗೆಯೇ ಸಂಕೇತದ ಶ್ರುತಿಯಿಂದ ಅದು ಹೊರಟ ಸ್ಥಳ ಗೊತ್ತಾಗುತ್ತದೆ. ಮೊದಲ ಚಿತ್ರ ನೀರು ತುಂಬಿದ ಎರಡು ಸಣ್ಣ ನಳಿಕೆಗಳದು. ಮಗಳು ಕಡಲ ತೀರದಿಂದ ಆಯ್ದು ತಂದ ಪುಟ್ಟ ಚಿಪ್ಪಿನ ಜೀವಿಯೊಂದನ್ನೂ, ನಮ್ಮ ಕರಾವಳಿಯವರು ಮರುವಾಯಿ ಎನ್ನುವ ಜಾತಿಯದನ್ನು, ಅವರು ಆರಂಭದಲ್ಲಿಯೇ ಚಿತ್ರಿಸಿದರು. 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೆಳಕು ಕಂಡ ಅವರ ಲೇಖನವನ್ನು ಆ ಪತ್ರಿಕೆ ಮೊದಲು ಹಿಂದಿರುಗಿಸಿತ್ತೆಂಬುದು ಲೇಖನ ಬರೆಯುವವರೆಲ್ಲರಿಗೂ ಸಮಾಧಾನ ತರುವ ವಿಷಯ. ಕ್ಷೇತ್ರವನ್ನೂ ತರಂಗವನ್ನೂ ಒಂದೇ ನೊಗಕ್ಕೆ ಹೂಡಿದ ಈ ವಿಧಾನಕ್ಕೆ ಅವರು ‘ನೊಗ’ ಎಂಬರ್ಥದ ‘ಜ್ಯೂಗ್ಮ’ ಎಂಬ ಗ್ರೀಕ್ ಶಬ್ದದಿಂದ ಹೆಸರು ಕಟ್ಟಿದರು. ಸಂಸ್ಕೃತದ ‘ಯುಗ’, ‘ಯೋಗ’ ಶಬ್ದಗಳಿಗೆ ಅದು ದಾಯಾದಿ. ಹೆಸರು ಮಾತ್ರ ಬಳಕೆಯಲ್ಲಿ ನಿಲ್ಲಲಿಲ್ಲ.

ಮೂರು ದಿಕ್ಕಿನ ಸಂಕೇತಗಳನ್ನು ಗಣಿತದಿಂದ ಬೇರ್ಪಡಿಸುವ ವಿಧಾನವನ್ನು 1975ರಲ್ಲಿ ಸ್ವಿಟ್ಜರ್ಲೆಂಡಿನ ರಿಚರ್ಡ್ ಅರ್ನ್ಸ್ಟ್ ಅವರ ಪ್ರಯೋಗಶಾಲೆಯಿಂದ ಪ್ರಕಟಿಸಲಾಯಿತು. ಲೇಖನದ ಮೊದಲ ಹೆಸರು ಅನಿಲ್ ಕುಮಾರ್ ಅವರದು. ಮುಂದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು ಇವರೇ. ಇಂದಿನ ಯಂತ್ರಗಳ ಗಣಿತ ಈ ವಿಧಾನದಿಂದಲೇ ಬೆಳೆದು ಬಂದುದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಚಿತ್ರಗಳನ್ನು ಅತಿ ಶೀಘ್ರವಾಗಿ ತೆಗೆಯುವ ಮಾರ್ಗವನ್ನು ಕಂಡುಹಿಡಿದರು. 1977ರ ಜುಲೈ 3ರಂದು ಡಮಾಡಿಯನ್ ತಂಡ ಮಾನವದೇಹದ ಮೊದಲ ಚಿತ್ರವನ್ನು ಪಡೆಯಲು ಐದು ಗಂಟೆಗಳಷ್ಟು ಕಾಲ ಹಿಡಿದಿತ್ತು. 2003ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಇಬ್ಬರಿಗೇ ಸಂದಾಗ ಡಮಾಡಿಯನ್ ವೃತ್ತಪತ್ರಿಕೆಗಳಲ್ಲಿ ಪುಟದಗಲದ ಜಾಹೀರಾತು ಕೊಟ್ಟು ಪ್ರತಿಭಟಿಸಿದರು. ಮೂವರ ತನಕ ಹಂಚಲು ನಿಯಮದಲ್ಲಿ ಎಡೆಯಿರುವಾಗ ಮೂರನೆಯ ಪಾಲನ್ನು ಖಾಲಿ ಬಿಟ್ಟದ್ದು ಔದಾರ್ಯದ ಲಕ್ಷಣವಲ್ಲ.

ಉದುರಿಹೋದ ಪದ

ಈ ವಿದ್ಯೆಯ ಪೂರ್ಣ ಹೆಸರು ‘ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್’, ಕನ್ನಡದಲ್ಲಿ ‘ಬೈಜಿಕ ಕಾಂತೀಯ ಅನುರಣನೆ’. 1980ರ ದಶಕದಲ್ಲಿ ಯಂತ್ರಗಳು ಆಸ್ಪತ್ರೆಗಳಿಗೆ ಬರತೊಡಗಿದಾಗ ‘ನ್ಯೂಕ್ಲಿಯರ್’ ಎಂಬ ಪದವನ್ನು ಮೆಲ್ಲನೆ ಕೈಬಿಡಲಾಯಿತು. ಪರಮಾಣು ಬಾಂಬು, ವಿಕಿರಣ, ಸ್ಥಾವರಗಳ ಅಪಘಾತ ಇವೆಲ್ಲ ರೋಗಿಯ ಮನಸ್ಸಿಗೆ ಬರುವುದೆಂಬ ಅಳುಕೇ ಅದಕ್ಕೆ ಮುಖ್ಯ ಕಾರಣ. ಆದರೆ ಇಲ್ಲಿ ಆ ಪದಕ್ಕೆ ಪರಮಾಣುವಿನ ಬೀಜಕ್ಕೆ ಸಂಬಂಧಿಸಿದ್ದು ಎಂಬುದಷ್ಟೇ ಅರ್ಥ. ಬೀಜ ಒಡೆಯುವುದಿಲ್ಲ, ವಿಕಿರಣ ಸೂಸುವುದಿಲ್ಲ. ಕೊಂಚ ಓರೆಯಾಗಿ ಮತ್ತೆ ನೆಟ್ಟಗಾಗುತ್ತದೆ. ಕ್ಷ-ಕಿರಣದ ಒಂದು ಕಣದಲ್ಲಿರುವ ಶಕ್ತಿ ಈ ರೇಡಿಯೋ ತರಂಗದ ಒಂದು ಕಣದಲ್ಲಿರುವುದಕ್ಕಿಂತ ಸಾವಿರಾರು ಕೋಟಿ ಪಟ್ಟು ಹೆಚ್ಚು. ಕ್ಷ-ಕಿರಣ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯಬಲ್ಲದು; ರೇಡಿಯೋ ತರಂಗಕ್ಕೆ ಆ ಸಾಮರ್ಥ್ಯವಿಲ್ಲ. ಅದು ಹೆಚ್ಚೆಂದರೆ ಮೈಯನ್ನು ಕೊಂಚ ಬೆಚ್ಚಗೆ ಮಾಡೀತು. ಆ ಮಿತಿಯನ್ನೂ ಯಂತ್ರದಲ್ಲಿ ನಿಗದಿಗೊಳಿಸಿರುತ್ತಾರೆ. ಕ್ಷ-ಕಿರಣವನ್ನು ಬಳಸುವುದು ಸಿ.ಟಿ. ಸ್ಕ್ಯಾನ್, ಎಂ.ಆರ್.ಐ. ಅಲ್ಲ. ಎರಡು ಯಂತ್ರಗಳೂ ಹೊರನೋಟಕ್ಕೆ ಒಂದೇ ಬಗೆಯಾಗಿರುವುದರಿಂದ ಓದಿದವರೂ ಇವೆರಡನ್ನು ಅದಲುಬದಲು ಮಾಡುವುದುಂಟು.

ಪದವನ್ನು ಕೈಬಿಟ್ಟದ್ದು ವ್ಯವಹಾರಕ್ಕೆ ಅನುಕೂಲವಾಯಿತು, ನಿಜ. ಆದರೆ ಉಳಿದ ಪದಗಳಲ್ಲಿ ನಿಜವಾಗಿ ಎಚ್ಚರಿಸಬೇಕಾದ ‘ಮ್ಯಾಗ್ನೆಟಿಕ್’ ಎಂಬುದು ಯಾರ ಗಮನಕ್ಕೂ ಬಾರದೆ ಹೋಯಿತು.

ಎಂದೂ ಆರದ ಅಯಸ್ಕಾಂತ

1.5 ಟೆಸ್ಲಾದಷ್ಟು ಕ್ಷೇತ್ರವನ್ನು ಉಂಟುಮಾಡುವುದು ವಿದ್ಯುತ್ತು ಹರಿಯುವ ತಂತಿಯ ಸುರುಳಿ. ಸಾಮಾನ್ಯ ತಂತಿಯಾದರೆ ಕಾದು ಕರಗಿಹೋದೀತು. ಆದಕಾರಣ ನಯೋಬಿಯಂ ಮತ್ತು ಟೈಟೇನಿಯಂ ಮಿಶ್ರಲೋಹದ ತಂತಿಯನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣಿಸಿರುತ್ತಾರೆ. ಆ ತಂಪಿನಲ್ಲಿ ತಂತಿಗೆ ವಿದ್ಯುತ್ ರೋಧವೇ ಇರುವುದಿಲ್ಲ. ಒಮ್ಮೆ ಹರಿಸಿದ ವಿದ್ಯುತ್ತು ವರ್ಷಗಟ್ಟಲೆ ತಾನಾಗಿ ಸುತ್ತುತ್ತಿರುತ್ತದೆ. ಇದರ ಪರಿಣಾಮವನ್ನು ಮನೆಯ ಹಿರಿಕಿರಿಯರೆಲ್ಲರೂ ಮನದಟ್ಟು ಮಾಡಿಕೊಳ್ಳಬೇಕು: ಆ ಅಯಸ್ಕಾಂತ ರಾತ್ರಿಯೂ ಇರುತ್ತದೆ, ಭಾನುವಾರವೂ ಇರುತ್ತದೆ, ದೀಪ ಆರಿದ್ದಾಗಲೂ ಇರುತ್ತದೆ, ಸದ್ದಿಲ್ಲದಿದ್ದಾಗಲೂ ಇರುತ್ತದೆ. ಪರೀಕ್ಷೆಯ ವೇಳೆ ಕೇಳಿಬರುವ ಬಡಿತದ ಸದ್ದು ಬೇರೆಯದು. ಲಾಟರ್ಬರ್ ಹೇಳಿದ ಏರಿಳಿತವನ್ನುಂಟುಮಾಡುವ ಸಣ್ಣ ಸುರುಳಿಗಳು ವಿದ್ಯುತ್ತಿನ ತುಯ್ತಕ್ಕೆ ಅದುರಿದಾಗ ಬರುವ ಸದ್ದು ಅದು. ನೂರು ಡೆಸಿಬೆಲ್ ಮೀರುವ ಈ ಸದ್ದಿಗಾಗಿಯೇ ಕಿವಿಗೆ ಮುಚ್ಚಳ ಕೊಡುತ್ತಾರೆ. ಸದ್ದು ನಿಂತಿತೆಂದರೆ ಕಾಂತ ನಿಂತಿತೆಂದಲ್ಲ.

2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ, ರೋಗಿಯ ಜೊತೆಗೆ ಬಂದಿದ್ದ ಸಂಬಂಧಿಕ ತರುಣನೊಬ್ಬ ಆಮ್ಲಜನಕದ ಉರುಳೆಯನ್ನು ಹಿಡಿದುಕೊಂಡು ಆ ಕೋಣೆಗೆ ಹೋದ. ಯಂತ್ರ ನಿಂತಿದೆ ಎಂಬ ಮಾತನ್ನು ನಂಬಿ ಒಳಗೆ ಹೋದನೆಂದು ಪತ್ರಿಕೆಗಳು ವರದಿ ಮಾಡಿದವು. ಕಾಂತ ಉರುಳೆಯನ್ನೂ ಅದನ್ನು ಹಿಡಿದಿದ್ದವನನ್ನೂ ಸೆಳೆಯಿತು. ಆತ ಬದುಕಿ ಉಳಿಯಲಿಲ್ಲ. 2001ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರು ವರ್ಷದ ಬಾಲಕನೊಬ್ಬ ಯಂತ್ರದೊಳಗೆ ಮಲಗಿದ್ದಾಗ ಇಂಥದೇ ಉರುಳೆ ಹಾರಿ ಬಂದು ತಲೆಗೆ ಬಡಿದು ಪ್ರಾಣ ಹೋಯಿತು. ಎರಡು ಘಟನೆಗಳಲ್ಲಿಯೂ ಕಿರಣವಿಲ್ಲ, ವಿಕಿರಣವಿಲ್ಲ. ಕಬ್ಬಿಣ ಮತ್ತು ಕಾಂತ ಅಷ್ಟೇ.

ಹೀಗಾಗಿ ರೋಗಿಯಷ್ಟೇ ಅಲ್ಲ, ಜೊತೆಗೆ ಬಂದವರೂ ಬಾಗಿಲಲ್ಲಿಯೇ ತಮ್ಮ ಮೈಮೇಲಿರುವುದನ್ನು ಕಳಚಿಡಬೇಕು. ಚಿನ್ನವನ್ನು ಕಾಂತ ಸೆಳೆಯದೆಂಬುದು ನಿಜ. ಆದರೆ ಮಾಂಗಲ್ಯದ ಸರಕ್ಕೂ ಬಳೆಗೂ ಸಿಕ್ಕಿಸಿಕೊಂಡಿರುವ ಪಿನ್ನುಗಳು ಉಕ್ಕಿನವು. ತಾಯಂದಿರು ಅವುಗಳನ್ನು ಮರೆತೇಬಿಟ್ಟಿರುತ್ತಾರೆ. ತಲೆಪಿನ್ನು, ಕೈಗಡಿಯಾರ, ಕೀಲಿಕೈ, ನಾಣ್ಯ, ಊರುಗೋಲು, ಗಾಲಿಕುರ್ಚಿ ಯಾವುದೂ ಒಳಗೆ ಹೋಗಬಾರದು. ಬ್ಯಾಂಕಿನ ಕಾರ್ಡುಗಳ ಹಿಂಬದಿಯ ಕಪ್ಪು ಪಟ್ಟಿಯಲ್ಲಿರುವ ಬರಹ ಅಲ್ಲಿ ಅಳಿಸಿಹೋಗುತ್ತದೆ. ಮರುದಿನ ಶಾಖೆಗೆ ಬಂದು ಗುಮಾಸ್ತನನ್ನು ದೂರಿ ಫಲವಿಲ್ಲ. ಹೃದಯಕ್ಕೆ ಪೇಸ್‌ಮೇಕರ್, ಕಿವಿಯೊಳಗೆ ಶ್ರವಣಯಂತ್ರ, ಮಿದುಳಿನ ರಕ್ತನಾಳಕ್ಕೆ ಹಾಕಿದ ಹಳೆಯ ಕ್ಲಿಪ್ಪು, ಮೂಳೆಗೆ ಕೂರಿಸಿದ ಲೋಹದ ಪಟ್ಟಿ ಇವುಗಳಲ್ಲಿ ಯಾವುದಿದ್ದರೂ ಮುಂಚಿತವಾಗಿ ಹೇಳಬೇಕು. ಈಚಿನ ಪೇಸ್‌ಮೇಕರುಗಳಲ್ಲಿ ಈ ಪರೀಕ್ಷೆಗೆ ತಕ್ಕಂತೆ ರೂಪಿಸಿದವು ಇವೆ, ಬಹುತೇಕ ಸ್ಟೆಂಟುಗಳಿಗೂ ತೊಂದರೆಯಿಲ್ಲ. ಆದರೆ ನಿರ್ಧಾರ ವೈದ್ಯರದು, ಅವರಿಗೆ ಬೇಕಾದುದು ಶಸ್ತ್ರಕ್ರಿಯೆಯ ಹಳೆಯ ಕಾಗದ. ಲೇತ್ ಯಂತ್ರದ ಮೇಲೋ ವೆಲ್ಡಿಂಗ್ ಕೆಲಸದಲ್ಲೋ ದುಡಿದವರ ಕಣ್ಣಿನಲ್ಲಿ ಎಂದೋ ಹೊಕ್ಕ ಕಬ್ಬಿಣದ ಪುಡಿ ಉಳಿದಿರಬಹುದು. ಅಂಥವರು ಅದನ್ನು ಬಾಯಿಬಿಟ್ಟು ಹೇಳಬೇಕು. ಗರ್ಭಿಣಿಯರೂ ಹೇಳಬೇಕು. ಕೆಲವು ಚಿತ್ರಗಳಿಗೆ ಗ್ಯಾಡೊಲಿನಿಯಂ ಎಂಬ ಧಾತುವಿರುವ ಔಷಧವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಮೂತ್ರಪಿಂಡಗಳು ತೀರ ಕೆಟ್ಟಿರುವವರಿಗೆ ಅದರಲ್ಲಿ ಕೆಲವು ಬಗೆಗಳಿಂದ ಕೇಡಾಗುವುದೆಂದು 2006ರ ಸುಮಾರಿಗೆ ತಿಳಿದುಬಂದುದರಿಂದ, ರಕ್ತಪರೀಕ್ಷೆಯ ಚೀಟಿ ಕೇಳಿದರೆ ಬೇಸರಿಸಬಾರದು.

ಯಾವುದಕ್ಕೆ ಇದು ಬೇಕು, ಯಾವುದಕ್ಕೆ ಬೇಡ ಎಂಬುದೂ ಅನುರಣನೆಯ ಅರ್ಥದಿಂದಲೇ ಹೊರಡುತ್ತದೆ. ನೀರಿರುವ ಮೆತ್ತನೆಯ ಅಂಗಗಳನ್ನು, ಅಂದರೆ ಮಿದುಳು, ಬೆನ್ನುಹುರಿ, ಕೀಲಿನ ಮೃದ್ವಸ್ಥಿ, ಸ್ನಾಯುಗಳನ್ನು ಈ ಯಂತ್ರದಷ್ಟು ಚೆನ್ನಾಗಿ ತೋರಿಸುವ ಸಾಧನ ಬೇರೆಯಿಲ್ಲ. ಗಟ್ಟಿ ಮೂಳೆಯ ಬಿರುಕು, ಗಾಳಿ ತುಂಬಿದ ಶ್ವಾಸಕೋಶ, ತುರ್ತಾಗಿ ನೋಡಬೇಕಾದ ತಲೆಯ ಪೆಟ್ಟು ಇವಕ್ಕೆ ಸಾಮಾನ್ಯವಾಗಿ ಕ್ಷ-ಕಿರಣ ಅಥವಾ ಸಿ.ಟಿ. ಮೊದಲು. ಲೋಕಲ್ ರೈಲಿನಲ್ಲಿ ನಿಂತು ಬಂದ ಸೊಂಟನೋವಿಗೆಲ್ಲ ಎಂ.ಆರ್.ಐ. ಮಾಡಿಸುವ ಆತುರ ಈಗ ಹೆಚ್ಚಾಗಿದೆ. ನೋವೇ ಇಲ್ಲದ ಅನೇಕರ ಬೆನ್ನಿನ ಚಿತ್ರದಲ್ಲಿಯೂ ಉಬ್ಬಿದ ಬಿಲ್ಲೆಗಳು ಕಾಣುತ್ತವೆ. ಚಿತ್ರದಲ್ಲಿ ಕಂಡುದೆಲ್ಲ ನೋವಿನ ಕಾರಣವಲ್ಲ. ಕಾಲಿನ ಬಲ ಕುಗ್ಗಿದರೆ, ಮಲಮೂತ್ರದ ಹತೋಟಿ ತಪ್ಪಿದರೆ ಮಾತ್ರ ಒಂದು ದಿನವನ್ನೂ ಕಳೆಯಬಾರದು.

ಕೊಳವೆಯ ಅಗಲ 60ರಿಂದ 70 ಸೆಂಟಿಮೀಟರು. ಇಪ್ಪತ್ತರಿಂದ ನಲವತ್ತೈದು ನಿಮಿಷ ಅಲುಗಾಡದೆ ಮಲಗಬೇಕು. ಅಲುಗಿದರೆ ಚಿತ್ರ ಮಸುಕಾಗಿ ಮತ್ತೆ ಮೊದಲಿನಿಂದ ಆರಂಭಿಸಬೇಕಾದೀತು. ಕೈಯಲ್ಲಿ ಒಂದು ರಬ್ಬರಿನ ಗುಂಡು ಕೊಟ್ಟಿರುತ್ತಾರೆ. ಉಸಿರು ಕಟ್ಟಿದಂತಾದರೆ ಅದನ್ನು ಹಿಚುಕಿದರೆ ಸಾಕು, ಹೊರಗಿನವರು ಬರುತ್ತಾರೆ. ಹೊರಗಿನವರ ಭಾಷೆ ತಿಳಿಯದ ಹಿರಿಯರಿಗೆ ಈ ಗುಂಡಿನ ವಿಷಯವನ್ನು ಒಳಗೆ ಕಳುಹಿಸುವ ಮೊದಲೇ ಕನ್ನಡದಲ್ಲಿ ಹೇಳಿ, ಒಮ್ಮೆ ಹಿಚುಕಿಸಿ ತೋರಿಸಿರುವುದು ಒಳ್ಳೆಯದು.